ಬೆಳ್ಳಿಯ ಕಾವಲು

ಬಚ್ಚಲುಮನೆಯಲ್ಲಿ ಕಾಲು ಜಾರಿ ಸೊಂಟ ಮುರಿದುಕೊಂಡ ಮುದುಕಿಗೆ ಹಿಂದಿನ ಕಾಲದಲ್ಲಿ ಹಾಸಿಗೆಯೇ ಗತಿಯಾಗುತ್ತಿತ್ತು. ನಾಟಿ ವೈದ್ಯನು ಬಿದಿರಿನ ದಬ್ಬೆ ಕಟ್ಟಿ, ಎಣ್ಣೆ ಸವರಿ, ಮೂರು ತಿಂಗಳು ಅಲುಗಬಾರದೆಂದು ಹೇಳಿಹೋಗುತ್ತಿದ್ದನು. ಅಷ್ಟರೊಳಗೆ ಬೆನ್ನಿಗೆ ಹುಣ್ಣಾಗಿ, ಎದೆಗೆ ಕಫ ಕಟ್ಟಿ, ದೂರದೂರಿನ ಮಗಳಿಗೆ ಕಾಗದ ಬರೆಯುವ ಸ್ಥಿತಿ ಬಂದುಬಿಡುತ್ತಿತ್ತು. ಈಗ ಹಾಗಿಲ್ಲ. ಮುರಿದ ಕೀಲನ್ನು ತೆಗೆದು ಲೋಹದ ಕೀಲನ್ನು ಕೂಡಿಸಿ, ಒಂದೆರಡು ದಿನಗಳಲ್ಲಿಯೇ ಎಬ್ಬಿಸಿ ನಡೆದಾಡಿಸುತ್ತಾರೆ. ಹಣ್ಣಿನ ಬುಟ್ಟಿ ಹಿಡಿದು ನೋಡಲು ಬಂದ ಬಂಧುಗಳು ಕೇಳುವ ಪ್ರಶ್ನೆಗಳೂ ಗೊತ್ತಿರುವಂಥವೇ: ಖರ್ಚು ಎಷ್ಟಾಯಿತು? ಯಾವ ದೇಶದ ಸಾಮಾನು? ಎಷ್ಟು ವರ್ಷ ಬಾಳಿಕೆ ಬರುತ್ತದಂತೆ? ಒಳಗೆ ಇರಿಸಿದ ಲೋಹದ ಮೈಯನ್ನು ಮೊದಲು ಮುಟ್ಟುವವರು ಯಾರು, ಮೂಳೆಯೋ ಕ್ರಿಮಿಯೋ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಆ ಮುದುಕಿಯ ಮುಂದಿನ ದಿನಗಳೆಲ್ಲ ಬಹುಮಟ್ಟಿಗೆ ಈ ಒಂದು ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿರುತ್ತವೆ.

ಮನುಷ್ಯನ ಮೈ ಕ್ರಿಮಿಗಳಿಗೆ ಅಷ್ಟು ಸುಲಭವಾಗಿ ಸೋಲುವಂಥದಲ್ಲ. 1957ರಲ್ಲಿ ಎಲೆಕ್ ಮತ್ತು ಕೋನೆನ್ ಎಂಬ ಇಬ್ಬರು ವೈದ್ಯವಿಜ್ಞಾನಿಗಳು ಇಂಗ್ಲೆಂಡಿನಲ್ಲಿ ಇದನ್ನು ಲೆಕ್ಕ ಹಾಕಿ ನೋಡಿದರು. ತಾವಾಗಿ ಒಪ್ಪಿ ಮುಂದೆ ಬಂದವರ ಚರ್ಮದೊಳಕ್ಕೆ ಕೀವು ತರುವ ಸ್ಟೆಫಿಲೊಕಾಕಸ್ ಕ್ರಿಮಿಗಳನ್ನು ಚುಚ್ಚಿ, ಎಷ್ಟು ಕ್ರಿಮಿಗಳಿದ್ದರೆ ಕುರು ಏಳುತ್ತದೆಂದು ಪರೀಕ್ಷಿಸಿದರು. ಬರಿಯ ಚರ್ಮದಲ್ಲಿ ಕೀವುಗಟ್ಟಲು ಹತ್ತು ಲಕ್ಷಕ್ಕೂ ಮೀರಿದ ಕ್ರಿಮಿಗಳು ಬೇಕಾದುವು. ಆದರೆ ಅದೇ ಜಾಗದಲ್ಲಿ ಒಂದು ಎಳೆ ರೇಷ್ಮೆಯ ಹೊಲಿಗೆ ಇದ್ದುದಾದರೆ ನೂರರ ಆಸುಪಾಸಿನ ಕ್ರಿಮಿಗಳೇ ಸಾಕಾದುವು. ರೇಷ್ಮೆಯ ಒಂದು ಎಳೆ ಶರೀರದ ಬಲವನ್ನು ಹತ್ತು ಸಾವಿರ ಪಾಲು ಕುಗ್ಗಿಸಿಬಿಟ್ಟಿತು! ಹಾಗಾದರೆ ಅಂಗೈಯುದ್ದದ ಲೋಹದ ಕೀಲು ಏನು ಮಾಡೀತು ಎಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಇದಕ್ಕೆ ಕಾರಣ ಉಂಟು. ರಕ್ತವು ಹರಿಯುವ ಕಡೆಯಲ್ಲೆಲ್ಲ ಬಿಳಿಯ ಕಣಗಳ ಪಹರೆ ಇರುತ್ತದೆ. ಲೋಹಕ್ಕೆ ರಕ್ತನಾಳವಿಲ್ಲ. ಅದು ಊರಿನ ನಡುವೆ ಬೀಗ ಹಾಕಿದ ಪಾಳುಮನೆಯಿದ್ದಂತೆ; ಪೊಲೀಸಿನವನು ಬೀದಿಯಲ್ಲಿ ಗಸ್ತು ತಿರುಗುತ್ತಲೇ ಇರುತ್ತಾನೆ, ಕಳ್ಳನು ಒಳಗೆ ನಿಶ್ಚಿಂತೆಯಿಂದ ಸಂಸಾರ ಹೂಡಿರುತ್ತಾನೆ. ಒಮ್ಮೆ ಲೋಹದ ಮೈಗೆ ಅಂಟಿಕೊಂಡ ಕ್ರಿಮಿಗಳು ಬಹುಬೇಗ ಒಂದರ ಪಕ್ಕ ಒಂದು ಕೂಡಿಕೊಂಡು, ಲೋಳೆಯಂಥ ಹೊದಿಕೆಯನ್ನು ಸ್ರವಿಸಿ ಅದರ ಅಡಿಯಲ್ಲಿ ಅಡಗುತ್ತವೆ. ನೀರಿನ ತೊಟ್ಟಿಯ ಗೋಡೆಯ ಮೇಲೆ ಕೈಯಾಡಿಸಿದಾಗ ಜಾರುವ ಪಾಚಿಯ ಪೊರೆಯೂ ಈ ಬಗೆಯದೇ. ತೇಲಾಡುತ್ತಿರುವಾಗ ಸಾಮಾನ್ಯ ಔಷಧಿಗೆ ಸಾಯುತ್ತಿದ್ದ ಕ್ರಿಮಿ ಈ ಹೊದಿಕೆಯ ಅಡಿಯಲ್ಲಿ ಅದರ ನೂರು ಪಾಲು ಔಷಧಿಗೂ ಜಗ್ಗುವುದಿಲ್ಲ. ಕೊನೆಗೆ ಅನೇಕ ರೋಗಿಗಳಿಗೆ ಉಳಿಯುವ ದಾರಿ ಒಂದೇ: ಕೂಡಿಸಿದ ಕೀಲನ್ನು ಮತ್ತೆ ಬಿಚ್ಚಿ ತೆಗೆಯುವುದು, ವಾರಗಟ್ಟಲೆ ಔಷಧಿ ಕೊಡುವುದು, ನಂಜು ಇಳಿದ ಮೇಲೆ ಇನ್ನೊಂದು ಶಸ್ತ್ರಚಿಕಿತ್ಸೆ ಮಾಡಿ ಹೊಸ ಕೀಲನ್ನು ಇಡುವುದು. ಎಪ್ಪತ್ತು ದಾಟಿದ ಜೀವಕ್ಕೆ ಇದು ಎಂಥ ಶಿಕ್ಷೆಯೆಂಬುದನ್ನು ಮನೆಯಲ್ಲಿ ಅದನ್ನು ಕಂಡವರು ಬಲ್ಲರು.

ಇಂಥ ದುರ್ಗತಿ ಎಲ್ಲರಿಗೂ ಬರುವುದಿಲ್ಲವೆಂಬುದು ಸಮಾಧಾನದ ಸಂಗತಿ. ಇಂದಿನ ಶೀಲು ಕೀಲುಗಳ ಚಿಕಿತ್ಸೆಗೆ ಅಡಿಪಾಯ ಹಾಕಿದ ಜಾನ್ ಚಾರ್ನ್‌ಲಿ ಎಂಬ ಆಂಗ್ಲ ಶಸ್ತ್ರವೈದ್ಯನು ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಕೆಲಸ ಆರಂಭಿಸಿದಾಗ ನೂರಕ್ಕೆ ಸುಮಾರು 7 ಮಂದಿಗೆ ನಂಜು ತಗಲುತ್ತಿತ್ತು. ಕೀಲಿನ ಸಾಮಗ್ರಿಯನ್ನು ತನ್ನ ತೊಡೆಗೇ ಚುಚ್ಚಿಕೊಂಡು ಪರೀಕ್ಷಿಸಿದ ಹಟವಾದಿ ಈತ. ಶಸ್ತ್ರಚಿಕಿತ್ಸೆಯ ಮೇಜಿನ ಸುತ್ತ ಗಾಜಿನ ಮನೆಯಂಥ ಆವರಣವನ್ನು ಕಟ್ಟಿಸಿ, ಶೋಧಿಸಿದ ಗಾಳಿಯನ್ನು ಮಾತ್ರ ಒಳಗೆ ಬಿಡಿಸಿದನು, ಉಡುಪನ್ನು ಬದಲಾಯಿಸಿದನು, ಹೊಲಿಗೆಯ ರೀತಿಯನ್ನು ತಿದ್ದಿದನು. 1972ರಲ್ಲಿ ಆತನು ಪ್ರಕಟಿಸಿದ ಲೆಕ್ಕದಲ್ಲಿ ಆ 7 ಎಂಬುದು ಒಂದಕ್ಕಿಂತಲೂ ಕೆಳಕ್ಕೆ ಇಳಿದಿತ್ತು. ಇಂದು ಒಳ್ಳೆಯ ಆಸ್ಪತ್ರೆಗಳಲ್ಲಿ ನೂರಕ್ಕೆ ಒಂದೋ ಎರಡೋ ಎನ್ನುತ್ತಾರೆ. ಗಾಳಿಯನ್ನು ಎಷ್ಟು ಸೋಸಿದರೂ, ಕೈಯನ್ನು ಎಷ್ಟು ತೊಳೆದರೂ, ಆ ಒಂದು ಮಾತ್ರ ಪೂರ್ತಿ ಅಳಿಯಲಿಲ್ಲ. ನೂರರಲ್ಲಿ ಒಂದು ಎಂಬುದು ಪುಸ್ತಕದಲ್ಲಿ ಅಲ್ಪಸಂಖ್ಯೆ. ಆ ಒಬ್ಬಳು ತನ್ನ ತಾಯಿಯಾದಾಗ ಅಲ್ಪವಲ್ಲ.

1987ರಲ್ಲಿ ಅಮೆರಿಕೆಯ ಆಂಥೊನಿ ಗ್ರಿಸ್ಟಿನಾ ಎಂಬ ವೈದ್ಯನು ಇದನ್ನು ಒಂದು ಓಟದ ಪಂದ್ಯಕ್ಕೆ ಹೋಲಿಸಿದನು. ಲೋಹದ ಮೈ ಖಾಲಿಯಿರುವ ಜಾಗ. ಅತ್ತ ಶರೀರದ ಕೋಶಗಳು, ಇತ್ತ ಕ್ರಿಮಿಗಳು, ಇಬ್ಬರೂ ಅದಕ್ಕಾಗಿ ಓಡುತ್ತಾರೆ. ಮೊದಲು ಮುಟ್ಟಿದವರಿಗೆ ಜಾಗ. ಸಂತೆಯ ದಿನ ಬಸ್ಸಿನ ಕಿಟಕಿಯಿಂದ ಟವಲನ್ನು ಒಳಕ್ಕೆ ಎಸೆದು ಜಾಗ ಹಿಡಿಯುವವರನ್ನು ಕಂಡವರಿಗೆ ಈ ಸಿದ್ಧಾಂತವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮೂಳೆ ಮೊದಲು ಬಂದು ಲೋಹದ ಮೇಲೆ ಮೈಚಾಚಿಕೊಂಡರೆ ಕ್ರಿಮಿಗೆ ನಿಲ್ಲಲು ನೆಲೆಯಿಲ್ಲ. ಕ್ರಿಮಿಯು ಮೊದಲು ಬಂದರೆ ಮೂಳೆಯು ಹೊರಗೇ ಉಳಿಯುತ್ತದೆ.

ಮೂಳೆಯನ್ನು ಮೊದಲು ಬರಮಾಡಿಕೊಳ್ಳುವ ಉಪಾಯವೆಂದರೆ ಲೋಹಕ್ಕೆ ಮೂಳೆಯದೇ ವೇಷವನ್ನು ಹಾಕುವುದು. ಮೂಳೆಯ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಖನಿಜ. ಸುಣ್ಣದ ಅಂಶವೂ ರಂಜಕದ ಅಂಶವೂ ಕೂಡಿ ಆದ ಹೈಡ್ರಾಕ್ಸಿ ಅಪಟೈಟ್ ಎಂಬುದರ ಹತ್ತಿರದ ನಂಟ ಅದು. ಈ ಅಪಟೈಟ್ ಎಂಬ ಹೆಸರಿನ ಕಥೆಯೇ ಸ್ವಾರಸ್ಯವಾಗಿದೆ. ನೆಲದಲ್ಲಿ ದೊರೆಯುವ ಈ ಕಲ್ಲನ್ನು ಜನರು ಬೇರೆ ಬೇರೆ ರತ್ನವೆಂದು ತಿಳಿದು ಮೋಸಹೋಗುತ್ತಿದ್ದರಂತೆ. 1786ರಲ್ಲಿ ವೆರ್ನರ್ ಎಂಬ ಜರ್ಮನ್ ಖನಿಜವಿಜ್ಞಾನಿಯು ಗ್ರೀಕ್ ಭಾಷೆಯಲ್ಲಿ ‘ವಂಚಿಸು’ ಎಂಬ ಅರ್ಥದ ಧಾತುವಿನಿಂದ ಇದಕ್ಕೆ ಹೆಸರಿಟ್ಟನು. ಎರಡು ಶತಮಾನ ಕಳೆದ ಮೇಲೆ ಶಸ್ತ್ರವೈದ್ಯರು ಅದೇ ವಂಚಕ ಕಲ್ಲನ್ನು ಲೋಹಕ್ಕೆ ಹಚ್ಚಿ ಮೂಳೆಯನ್ನು ವಂಚಿಸತೊಡಗಿದರು! 1985ರಲ್ಲಿ ಲಂಡನ್ನಿನ ರೊನಾಲ್ಡ್ ಫರ್ಲಾಂಗ್ ಎಂಬ ವೈದ್ಯನು ಈ ಪಿಂಗಾಣಿಯ ಲೇಪವುಳ್ಳ ಸೊಂಟದ ಕೀಲನ್ನು ಮೊದಲು ಕೂಡಿಸಿದನು. ಲೇಪವೆಂದರೆ ದಪ್ಪವೇನಲ್ಲ, ಒಂದೆರಡು ಕೂದಲೆಳೆಯಷ್ಟು. ಅಪಟೈಟಿನ ಪುಡಿಯನ್ನು ಹತ್ತು ಸಾವಿರ ಡಿಗ್ರಿಯನ್ನೂ ಮೀರಿದ ಅನಿಲದ ಜ್ವಾಲೆಯ ಮೂಲಕ ಹಾಯಿಸಿ, ಕರಗುತ್ತಿರುವ ಹನಿಗಳನ್ನು ಟೈಟೇನಿಯಂ ಲೋಹದ ಮೇಲೆ ಎರಚಿ ಇದನ್ನು ಮಾಡುತ್ತಾರೆ. ಮೂಳೆಯ ಕೋಶಗಳು ಬಂದು ನೋಡುತ್ತವೆ, ತಮ್ಮ ಮನೆಯೇ ಎಂದುಕೊಳ್ಳುತ್ತವೆ, ಅಲ್ಲಿಯೇ ಕಟ್ಟಡವನ್ನು ಮುಂದುವರಿಸುತ್ತವೆ.

ಆದರೆ ಇದರಲ್ಲೊಂದು ತೊಡಕಿದೆ. ಒರಟಾದ, ಸೂಕ್ಷ್ಮ ರಂಧ್ರಗಳುಳ್ಳ, ರಕ್ತದ ಸಾರವನ್ನು ಹೀರಿ ಹಿಡಿಯುವ ಮೈ ಮೂಳೆಗೆ ಹಿತವಾದಂತೆ ಕ್ರಿಮಿಗೂ ಹಿತವೇ. ಅತಿಥಿಗೆಂದು ಹಾಸಿದ ಜಮಖಾನದ ಮೇಲೆ ಬೀದಿಯ ಬೆಕ್ಕೂ ಬಂದು ಮಲಗುತ್ತದೆ. ಆದ್ದರಿಂದ ಲೇಪದೊಳಗೆ ಕಾವಲೊಂದನ್ನು ಇರಿಸಬೇಕೆಂಬ ಯೋಚನೆ ಹುಟ್ಟಿತು. ಮಾಮೂಲಿನ ಔಷಧಿಗಳನ್ನು ಅದಕ್ಕೆ ಬೆರೆಸೋಣವೆಂದರೆ ಅಂಥ ಜ್ವಾಲೆಯಲ್ಲಿ ಅವು ಬೂದಿಯೂ ಉಳಿಯದಂತೆ ಸುಟ್ಟುಹೋಗುತ್ತವೆ. ಬೆಂಕಿಗೆ ಸಾಯದ ಕಾವಲುಗಾರ ಬೇಕು. ಅಂಥವನು ಲೋಹವೇ.

ಲೋಹವು ಕ್ರಿಮಿಗೆ ಶತ್ರುವೆಂಬುದು ಪ್ರಯೋಗಶಾಲೆಗಳು ಹುಟ್ಟುವುದಕ್ಕೆ ಎಷ್ಟೋ ಮೊದಲೇ ತಿಳಿದಿದ್ದ ಸಂಗತಿ. ಪಾರಸಿಕರ ದೊರೆ ಸೈರಸನು ದಂಡೆತ್ತಿ ಹೋಗುವಾಗ ಸೂಸಾ ಪಟ್ಟಣದ ನದಿಯ ನೀರನ್ನು ಕಾಯಿಸಿ ಬೆಳ್ಳಿಯ ಕೊಡಗಳಲ್ಲಿ ತುಂಬಿಸಿ, ಹೇಸರಗತ್ತೆಯ ಗಾಡಿಗಳ ಮೇಲೆ ಹೊರಿಸಿಕೊಂಡು ಹೋಗುತ್ತಿದ್ದನೆಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸನು ಬರೆದಿದ್ದಾನೆ. ಕನ್ನಡ ನಾಡಿನ ಮನೆಗಳಲ್ಲಿ ರಾತ್ರಿ ತಾಮ್ರದ ತಂಬಿಗೆಯಲ್ಲಿಟ್ಟ ನೀರನ್ನು ಬೆಳಿಗ್ಗೆ ಕುಡಿಯುವ ರೂಢಿಗೆ ಯಾರೂ ಕಾರಣ ಕೇಳುತ್ತಿರಲಿಲ್ಲ. ಕಾರಣವನ್ನು ಕೇಳಿದವರು ಬೆಂಗಳೂರಿನ ಕೆಲವು ಸಂಶೋಧಕರು. ಅವರು ಭೇದಿ, ಕಾಲರಾ ಮೊದಲಾದ ರೋಗಗಳ ಕ್ರಿಮಿಗಳನ್ನು ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟು ನೋಡಿ, ಒಂದಾದರೂ ಕ್ರಿಮಿಯನ್ನು ಮತ್ತೆ ಬೆಳೆಸಲಾಗಲಿಲ್ಲವೆಂದು 2012ರಲ್ಲಿ ಪ್ರಕಟಿಸಿದರು. ಆ ನೀರಿಗೆ ಇಳಿದಿದ್ದ ತಾಮ್ರವು ಲೀಟರಿಗೆ 0.2 ಮಿಲಿಗ್ರಾಮನ್ನೂ ಮುಟ್ಟಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಒಪ್ಪುವ ಮಿತಿ 2 ಮಿಲಿಗ್ರಾಮು. ಇಷ್ಟು ಅಲ್ಪವಾದ ಲೋಹಕ್ಕೆ ಇಷ್ಟು ಶಕ್ತಿಯೇ ಎಂದು ಬೆರಗಾದವರಲ್ಲಿ ಮೊದಲಿಗನು ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ನೇಗೆಲಿ. ತಾಮ್ರದ ಸೋಂಕಿನಿಂದಲೇ ಪಾಚಿಯು ಸಾಯುವುದನ್ನು ಕಂಡು ಆತನು ಬರೆದ ಪ್ರಬಂಧವು ಆತನು ತೀರಿಕೊಂಡ ಮೇಲೆ, 1893ರಲ್ಲಿ, ಅಚ್ಚಾಯಿತು. ‘ಅಲ್ಪದ ಶಕ್ತಿ’ ಎಂಬರ್ಥದ ಗ್ರೀಕ್ ಹೆಸರನ್ನು ಆತನೇ ಇದಕ್ಕೆ ಕೊಟ್ಟನು. ಅದಕ್ಕೂ ಮೊದಲು, 1880ರ ಸುಮಾರಿಗೆ, ಲೈಪ್‌ಜಿಗ್ ನಗರದ ಹೆರಿಗೆಯ ವೈದ್ಯ ಕ್ರೆಡೆಯು ಹುಟ್ಟಿದ ಕೂಸುಗಳ ಕಣ್ಣಿಗೆ ಬೆಳ್ಳಿಯ ಲವಣದ ಒಂದು ತೊಟ್ಟನ್ನು ಬಿಡತೊಡಗಿದ್ದನು. ನೂರಕ್ಕೆ ಹತ್ತು ಶಿಶುಗಳಿಗೆ ಬರುತ್ತಿದ್ದ, ಕುರುಡುತನಕ್ಕೆ ಎಡೆಮಾಡುವ ಕಣ್ಣುನಂಜು ನೂರಕ್ಕೆ ಒಂದಕ್ಕಿಂತಲೂ ಕಡಿಮೆಯಾಯಿತು. ಆ ಒಂದು ತೊಟ್ಟಿಗೆ ಎಷ್ಟು ಜನ ಋಣಿಗಳೋ!

ಕೆಲಸವನ್ನು ಮಾಡುವುದು ಲೋಹದ ಗಟ್ಟಿಯಲ್ಲ. ಅದರಿಂದ ಬಿಡಿಬಿಡಿಯಾಗಿ ಕಳಚಿಕೊಂಡು ವಿದ್ಯುತ್ತಿನ ಅಂಶವನ್ನು ಹೊತ್ತು ನೀರಿನಲ್ಲಿ ಅಲೆಯುವ ಪರಮಾಣು. ಅದನ್ನು ಅಯಾನು ಎನ್ನುತ್ತಾರೆ. ಬೆಳ್ಳಿಯ ಅಯಾನು ಕ್ರಿಮಿಯ ಹೊರಪೊರೆಯನ್ನು ಹೊಕ್ಕು, ಅದರ ಒಳಗಿನ ಕಿಣ್ವಗಳಲ್ಲಿರುವ ಗಂಧಕಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಉಸಿರಾಟದ ವ್ಯವಸ್ಥೆ ನಿಂತುಹೋಗುತ್ತದೆ. ಅಪಟೈಟಿನ ಹರಳಿನೊಳಗೆ ಈ ಅಯಾನನ್ನು ಸೇರಿಸುವ ಬಗೆಯೂ ಚೆಲುವಾದುದು. ಹರಳೆಂದರೆ ಪಂಕ್ತಿ ಹಾಕಿದ ಊಟದ ಮನೆ. ಪ್ರತಿಯೊಂದು ಪರಮಾಣುವಿಗೂ ಗೊತ್ತಾದ ಎಲೆ. ಕ್ಯಾಲ್ಸಿಯಮ್ಮಿನ ಎಲೆಗಳಲ್ಲಿ ಕೆಲವನ್ನು ಬೇರೆ ಲೋಹಕ್ಕೆ ಬಿಟ್ಟುಕೊಡಿಸುತ್ತಾರೆ. ಸತುವು, ತಾಮ್ರ ಮೈಯಲ್ಲಿ ಸಣ್ಣವು. ಎರಡು ಅಂಶ ವಿದ್ಯುತ್ತನ್ನು ಹೊತ್ತಿರುವುದರಿಂದ ಲೆಕ್ಕಕ್ಕೆ ಕ್ಯಾಲ್ಸಿಯಮ್ಮಿಗೆ ಸಮ. ಬೆಳ್ಳಿ ಮೈಯಲ್ಲಿ ದೊಡ್ಡದು, ಹೊತ್ತಿರುವುದು ಮಾತ್ರ ಒಂದೇ ಅಂಶ. ಹಾಗಾಗಿ ಅದು ಕುಳಿತ ಪಂಕ್ತಿ ಸ್ವಲ್ಪ ಸೊಟ್ಟಗಾಗುತ್ತದೆ, ಮೊಣಕೈ ಪಕ್ಕದವನಿಗೆ ತಾಗುತ್ತದೆ. ಹೆಚ್ಚು ತುರುಕಿದರೆ, ಅತಿಯಾಗಿ ಕಾಯಿಸಿದರೆ, ಪಂಕ್ತಿಯಿಂದ ಎದ್ದು ಬೇರೆಯೇ ಮಣಿಗಳಾಗಿ ಕೂಡಿಕೊಳ್ಳುವುದೂ ಉಂಟು. 1998ರಲ್ಲಿ ಕೊರಿಯಾ ಮತ್ತು ಚೀನಾ ದೇಶಗಳ ವಿಜ್ಞಾನಿಗಳು ಬೆಳ್ಳಿ, ತಾಮ್ರ, ಸತುವು ಈ ಮೂರನ್ನೂ ಬೇರೆ ಬೇರೆಯಾಗಿ ಅಪಟೈಟಿಗೆ ಸೇರಿಸಿ ಕ್ರಿಮಿಗಳೊಡನೆ ಇಟ್ಟು ನೋಡಿದಾಗ ಬೆಳ್ಳಿಯ ಪರಾಕ್ರಮ ಸ್ಪಷ್ಟವಾಗಿ ಕಂಡಿತು. ಉಳಿದೆರಡರದು ಅಷ್ಟಾಗಿ ಕಾಣಲಿಲ್ಲ.

ಇಷ್ಟಕ್ಕೆ ಕಥೆ ಮುಗಿದಿದ್ದರೆ ಇಂದು ಎಲ್ಲ ಕೀಲುಗಳಿಗೂ ಬೆಳ್ಳಿಯ ಮೈ ಇರುತ್ತಿತ್ತು. ಮುಗಿಯದಿರಲು ಕಾರಣ, ಗಂಧಕವಿರುವ ಕಿಣ್ವಗಳು ಕ್ರಿಮಿಗೆ ಮಾತ್ರ ಇಲ್ಲ, ಮನುಷ್ಯನ ಕೋಶಕ್ಕೂ ಇವೆ. ಕ್ರಿಮಿಯನ್ನು ಕೊಲ್ಲುವ ಬೆಳ್ಳಿಯ ಪ್ರಮಾಣಕ್ಕೂ ಮೂಳೆಯನ್ನು ಕಟ್ಟುವ ಕೋಶವನ್ನು ಕೊಲ್ಲುವ ಪ್ರಮಾಣಕ್ಕೂ ನಡುವಿನ ಅಂತರ ಕಿರಿದು. ಬೆಲ್ಲದ ಪಾಕಕ್ಕೆ ಹದವಿದ್ದಂತೆ ಇದಕ್ಕೂ ಹದವಿದೆ. ಒಂದೆಳೆ ಪಾಕಕ್ಕೂ ಎರಡೆಳೆ ಪಾಕಕ್ಕೂ ಇರುವ ವ್ಯತ್ಯಾಸ ಒಲೆಯ ಮುಂದೆ ಒಂದೆರಡು ನಿಮಿಷದ್ದು. ಅಡಿಗೆಮನೆಯಲ್ಲಿ ಹದ ತಪ್ಪಿದರೆ ಉಂಡೆ ಕಲ್ಲಾಗುತ್ತದೆ, ಅಷ್ಟೆ. ಇಲ್ಲಿ ತಪ್ಪಿದರೆ ಏನಾದೀತು ಎಂಬುದು ಹೃದಯದ ಕವಾಟವೊಂದರ ಕಥೆಯಿಂದ ಹೊರಬಿತ್ತು.

ಕೆಟ್ಟ ಹೃದಯಕವಾಟವನ್ನು ತೆಗೆದು ಕೃತಕ ಕವಾಟವನ್ನು ಹೊಲಿಯುವಾಗ ಅದರ ಸುತ್ತ ಬಟ್ಟೆಯ ಅಂಚೊಂದು ಇರುತ್ತದೆ. ಕ್ರಿಮಿಗಳು ಆ ಬಟ್ಟೆಯಲ್ಲಿ ನೆಲೆಸಿದರೆ ರೋಗಿಯ ಪ್ರಾಣಕ್ಕೇ ಅಪಾಯ. ಅಮೆರಿಕೆಯ ಒಂದು ಸಂಸ್ಥೆಯು ಆ ಅಂಚಿಗೆ ಬೆಳ್ಳಿಯನ್ನು ಲೇಪಿಸಿತು. ಯುಕ್ತಿ ಸರಳ, ಉದ್ದೇಶ ಒಳ್ಳೆಯದು. 1998ರಲ್ಲಿ ಅಲ್ಲಿನ ಸರಕಾರದ ಒಪ್ಪಿಗೆಯೂ ದೊರೆಯಿತು. ಬಹುಬೇಗ ಜಗತ್ತಿನಲ್ಲಿ ಸುಮಾರು 36,000 ಜನರ ಎದೆಯೊಳಗೆ ಆ ಕವಾಟ ಸೇರಿತು. ಅದೇ ವೇಳೆಗೆ ಬೆಳ್ಳಿಯ ಅಂಚಿನ ಕವಾಟವನ್ನೂ ಸಾದಾ ಕವಾಟವನ್ನೂ ಪಕ್ಕಪಕ್ಕದಲ್ಲಿ ಹೋಲಿಸುವ ಪರೀಕ್ಷೆಯೂ ಆರಂಭವಾಗಿತ್ತು. ಅದರಲ್ಲಿ ತಿಳಿದುಬಂದದ್ದು, ಬೆಳ್ಳಿಯ ಅಂಚಿನ ಪಕ್ಕದಿಂದ ರಕ್ತ ಸೋರುವುದು ಇನ್ನೊಂದಕ್ಕಿಂತ ಹೆಚ್ಚು ಎಂಬುದು. 2000ದ ಜನವರಿಯಲ್ಲಿ ಆ ಕವಾಟಗಳನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಶರೀರದ ಮಾಂಸವು ಬಟ್ಟೆಯೊಳಕ್ಕೆ ಹೆಣೆದುಕೊಂಡು ಬೆಳೆಯಬೇಕಾಗಿದ್ದಲ್ಲಿ ಬೆಳ್ಳಿಯು ಅದನ್ನೂ ತಡೆದಿರಬೇಕೆಂದು ಪರೀಕ್ಷಿಸಿದವರು ಊಹಿಸಿದರು. ಕಳ್ಳನನ್ನು ತಡೆಯಲೆಂದು ನೇಮಿಸಿದ ಕಾವಲುಗಾರ ಮನೆಯೊಡೆಯನನ್ನೂ ಬಾಗಿಲಲ್ಲಿಯೇ ನಿಲ್ಲಿಸಿದ್ದನು. ಆ ಕವಾಟದ ಮೇಲಿದ್ದುದು ಲೋಹದ ಬೆಳ್ಳಿ, ಪಿಂಗಾಣಿಯಲ್ಲಿ ಬೆರೆತುದಲ್ಲ. ಆದರೂ ಮೂಳೆಯ ಲೇಪವನ್ನು ಮಾಡುವವರು ಈ ಕಥೆಯನ್ನು ಮರೆಯುವಂತಿಲ್ಲ. ಮರೆತಂತೆ ಕಾಣುವ ಉತ್ಸಾಹಿಗಳೂ ಇಲ್ಲದಿಲ್ಲ. ಗಾಜಿನ ತಟ್ಟೆಯಲ್ಲಿ ಕ್ರಿಮಿಗಳು ಸತ್ತ ಕೂಡಲೇ ಅವರು ಜಯಭೇರಿ ಹೊಡೆದುಬಿಡುತ್ತಾರೆ. ಗಾಜಿನ ತಟ್ಟೆಯಲ್ಲಿ ಮೂಳೆ ಬೆಳೆಯಬೇಕಾಗಿಲ್ಲವಷ್ಟೆ!

ಹದವೆಂದರೆ ಪ್ರಮಾಣ ಮಾತ್ರವಲ್ಲ, ಕಾಲವೂ ಸೇರಿದೆ. ಶಸ್ತ್ರಚಿಕಿತ್ಸೆಯ ಮೊದಲ ಗಂಟೆಗಳು, ಮೊದಲ ದಿನಗಳು ಓಟದ ನಿರ್ಣಾಯಕ ಘಟ್ಟ. ಆಗ ಅಯಾನುಗಳು ಹೇರಳವಾಗಿ ಹೊರಡಬೇಕು. ಮೂಳೆ ಬಂದು ನೆಲೆನಿಂತ ಮೇಲೆ ಕಡಿಮೆಯಾಗಬೇಕು. ಅದರ ಜತೆಗೆ ಶರೀರದ ರಸಗಳಲ್ಲಿ ಉಪ್ಪು ತುಂಬಿದೆ. ಬೆಳ್ಳಿಯು ಉಪ್ಪಿನ ಕ್ಲೋರೈಡನ್ನು ಕಂಡೊಡನೆ ಕರಗದ ಪುಡಿಯಾಗಿ ಕೂತುಬಿಡುತ್ತದೆ. ಮಿಕ್ಕಿದ್ದು ರಕ್ತಕ್ಕೆ ಸೇರಿ ಬಹುಕಾಲ ಉಳಿದರೆ ಚರ್ಮವು ಬೂದುನೀಲಿಯ ಬಣ್ಣಕ್ಕೆ ತಿರುಗುವುದೂ ಉಂಟು. ಹಳೆಯ ಕಾಲದ ಛಾಯಾಚಿತ್ರದ ಕಾಗದವು ಬಿಸಿಲಿಗೆ ಕಪ್ಪಾಗುತ್ತಿದ್ದ ನ್ಯಾಯವೇ ಇದು. ಹಾಗೆ ಏರಿದ ಬಣ್ಣ ಇಳಿಯುವುದಿಲ್ಲ.

ಈ ಕಾರಣದಿಂದ ಹಲವರು ಬೆಳ್ಳಿಗಿಂತ ಸೌಮ್ಯವಾದ ಲೋಹಗಳ ಕಡೆಗೆ ತಿರುಗಿದ್ದಾರೆ. ಬೆಳ್ಳಿಯಿಂದ ಶರೀರಕ್ಕೆ ಯಾವ ಪ್ರಯೋಜನವೂ ಇಲ್ಲ. ಸತುವು, ತಾಮ್ರ ಹಾಗಲ್ಲ. ದೊಡ್ಡವರ ಮೈಯಲ್ಲಿ ಸುಮಾರು 2 ಗ್ರಾಮು ಸತುವಿರುತ್ತದೆ. ಅದು ಬೇಕೇ ಬೇಕೆಂದು ತೋರಿಸಿಕೊಟ್ಟವನು ಬಿಹಾರದ ಬಕ್ಸರಿನಲ್ಲಿ ಹುಟ್ಟಿದ ಆನಂದ ಪ್ರಸಾದ್ ಎಂಬ ವೈದ್ಯ. 1961ರಲ್ಲಿ ಇರಾನಿನ ಶಿರಾಜ್ ಪಟ್ಟಣದಿಂದ, ಬೆಳವಣಿಗೆ ಕುಂಠಿತವಾಗಿ ಬಾಲಕರಂತೆ ಉಳಿದ ತರುಣರನ್ನು ಕುರಿತು ಬರೆದು, ಸತುವಿನ ಕೊರತೆ ಕಾರಣವಿದ್ದೀತೆಂದು ಸಂದೇಹಪಟ್ಟನು. ಮುಂದೆ ಈಜಿಪ್ಟಿನಲ್ಲಿ ಅದನ್ನು ಸ್ಥಿರಪಡಿಸಿದನು. ಲೇಪದಲ್ಲಿ ಸತುವು ಮೂಳೆಯ ಕೋಶಗಳಿಗೆ ಹುರುಪು ಕೊಡುತ್ತದೆ, ತಾಮ್ರವು ಹೊಸ ರಕ್ತನಾಳಗಳು ಚಿಗುರಲು ಸಹಾಯಮಾಡುತ್ತದೆ. ಕ್ರಿಮಿಯನ್ನು ಕೊಲ್ಲುವುದರಲ್ಲಿ ಇವು ಬೆಳ್ಳಿಯಷ್ಟು ಗಟ್ಟಿಗರಲ್ಲವೆಂಬುದೇ ಕೊರತೆ. ಗ್ಯಾಲಿಯಂ ಎಂಬ ಇನ್ನೊಂದು ಲೋಹವಿದೆ. ಅಂಗೈಯ ಬಿಸಿಗೇ ಕರಗುವಂಥದು. ಅದರ ರೀತಿಯೇ ಬೇರೆ. ಕ್ರಿಮಿಗೆ ಬದುಕಲು ಕಬ್ಬಿಣ ಬೇಕು. ಶರೀರವು ಕಬ್ಬಿಣವನ್ನು ಭದ್ರವಾಗಿ ಕಟ್ಟಿಟ್ಟಿರುವುದರಿಂದ ಕ್ರಿಮಿಯು ಸದಾ ಅದರ ಹಸಿವಿನಲ್ಲಿಯೇ ಇರುತ್ತದೆ. ಗ್ಯಾಲಿಯಮ್ಮಿನ ಅಯಾನು ನೋಡಲು ಕಬ್ಬಿಣದ ಅಯಾನಿನಂತೆಯೇ. ಮಾರೀಚನು ಚಿನ್ನದ ಜಿಂಕೆಯಾಗಿ ಸುಳಿದಂತೆ ಅದು ಕ್ರಿಮಿಯ ಮುಂದೆ ಸುಳಿಯುತ್ತದೆ. ಕ್ರಿಮಿ ಅದನ್ನು ಆಸೆಯಿಂದ ಒಳಗೆ ಸೆಳೆದುಕೊಳ್ಳುತ್ತದೆ. ಕಬ್ಬಿಣವು ಮಾಡಬೇಕಾದ ಕೆಲಸ ಅದರಿಂದ ಆಗುವುದಿಲ್ಲ. ಕ್ರಿಮಿಯ ಸಂಸಾರ ಕೆಡುತ್ತದೆ. ಬೆಳ್ಳಿಯ ಜತೆಗೆ ಸ್ಟ್ರಾಂಷಿಯಂ ಲೋಹವನ್ನು ಸೇರಿಸಿ, ಬೆಳ್ಳಿಯಿಂದ ಮೂಳೆಗಾಗುವ ನೋವನ್ನು ಸ್ಟ್ರಾಂಷಿಯಮ್ಮಿನಿಂದ ಸಂತೈಸುವ ಪ್ರಯತ್ನಗಳೂ ನಡೆದಿವೆ.

ಕ್ರಿಮಿಗಳೂ ಸುಮ್ಮನಿರುವಂಥವಲ್ಲ. 1975ರಲ್ಲಿ ಬಾಸ್ಟನ್ ನಗರದ ಆಸ್ಪತ್ರೆಯೊಂದರಲ್ಲಿ ಸುಟ್ಟಗಾಯದವರಿಗೆ ಬೆಳ್ಳಿಯ ಲವಣವನ್ನು ಹಚ್ಚುತ್ತಿದ್ದಾಗ ಅದಕ್ಕೆ ಬಗ್ಗದ ಸಾಲ್ಮೊನೆಲ್ಲಾ ಕ್ರಿಮಿಯೊಂದು ಕಾಣಿಸಿಕೊಂಡು ಮೂವರನ್ನು ಬಲಿತೆಗೆದುಕೊಂಡಿತೆಂದು ವರದಿಯಾಯಿತು. ಹೊಕ್ಕ ಬೆಳ್ಳಿಯನ್ನು ಮತ್ತೆ ಹೊರಕ್ಕೆ ನೂಕುವ ವಿದ್ಯೆಯನ್ನು ಅದು ಕಲಿತಿತ್ತು. ಆ ವಿದ್ಯೆ ಅಡಗಿರುವ ವಂಶವಾಹಿಗಳನ್ನು ಷಿಕಾಗೋ ನಗರದ ವಿಜ್ಞಾನಿಗಳು ಓದಿ 1999ರಲ್ಲಿ ಪ್ರಕಟಿಸಿದರು. ಅವರ ಹಿರಿಯನ ಹೆಸರು ಸೈಮನ್ ಸಿಲ್ವರ್, ಎಂದರೆ ಬೆಳ್ಳಿ. ಇಂಥ ಹೊಂದಿಕೆಯನ್ನು ಕಾದಂಬರಿಯಲ್ಲಿ ಬರೆದರೆ ಓದುಗರು ನಂಬಲಾರರು. ಸಾಯಿಸಲಾರದಷ್ಟು ಅಲ್ಪ ಬೆಳ್ಳಿಯು ವರ್ಷಾನುಗಟ್ಟಲೆ ಜಿನುಗುತ್ತಿದ್ದರೆ ಕ್ರಿಮಿಗಳಿಗೆ ಅದೊಂದು ಪಾಠಶಾಲೆಯಾದೀತೆಂಬ ಭಯ ನಿರಾಧಾರವಾದುದಲ್ಲ.

ಈ ಎಲ್ಲ ತೊಡಕುಗಳ ನಡುವೆಯೂ ಪ್ರಯೋಗಶಾಲೆಯನ್ನು ದಾಟಿ ರೋಗಿಯ ಸೊಂಟವನ್ನು ಮುಟ್ಟಿದ ಲೇಪವೊಂದಿದೆ. ಜಪಾನಿನ ಸಾಗಾ ವಿಶ್ವವಿದ್ಯಾಲಯದ ವೈದ್ಯರು ಕ್ಯೋಸೆರಾ ಎಂಬ ಪಿಂಗಾಣಿ ತಯಾರಕರೊಡನೆ ಕೂಡಿ ಅದನ್ನು ರೂಪಿಸಿದರು. ಅಪಟೈಟಿನ ಪುಡಿಗೆ ನೂರಕ್ಕೆ ಮೂರು ಪಾಲಿನಂತೆ ಬೆಳ್ಳಿಯ ಆಕ್ಸೈಡನ್ನು ಬೆರೆಸಿ, ಕಾಯಿಸಿ, ಕೀಲಿನ ಮೇಲೆ ಎರಚಿದ್ದು. ಮೊದಲು 20 ಮಂದಿ ರೋಗಿಗಳಿಗೆ ಅದನ್ನು ಕೂಡಿಸಿ ಅವರ ರಕ್ತವನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ಬೆಳ್ಳಿಯು ರಕ್ತದಲ್ಲಿ ಎರಡನೆಯ ವಾರದ ಹೊತ್ತಿಗೆ ಏರಿ, ಆಮೇಲೆ ಮೆಲ್ಲಮೆಲ್ಲನೆ ಇಳಿಯಿತು. ಯಾರ ಚರ್ಮವೂ ನೀಲಿಗಟ್ಟಲಿಲ್ಲ. ಫಲಿತಾಂಶವನ್ನು 2016ರಲ್ಲಿ ಪ್ರಕಟಿಸಿದರು.

ಆದರೆ 20 ಜನರಿಂದ ತಿಳಿಯುವುದು ಬೆಳ್ಳಿಯು ಕೆಡುಕು ಮಾಡಲಿಲ್ಲವೆಂಬುದು ಮಾತ್ರ. ನಂಜು ತಗಲುವುದೇ ನೂರಕ್ಕೆ ಒಬ್ಬರಿಗೆ. ಸಾದಾ ಕೀಲನ್ನು ಇಟ್ಟಿದ್ದರೂ ಆ 20 ಜನರಲ್ಲಿ ಬಹುಶಃ ಯಾರಿಗೂ ಆಗುತ್ತಿರಲಿಲ್ಲ. ಕಾವಲುಗಾರನು ಕಳ್ಳನನ್ನು ಓಡಿಸಿದನೋ, ಕಳ್ಳನೇ ಆ ರಾತ್ರಿ ಬರಲಿಲ್ಲವೋ ಎಂಬುದನ್ನು ಬೇರ್ಪಡಿಸಿ ಹೇಳಲು ಸಾವಿರಾರು ರೋಗಿಗಳು ಬೇಕು; ಒಂದು ಅರೆಯವರಿಗೆ ಬೆಳ್ಳಿಯ ಕೀಲು, ಇನ್ನೊಂದು ಅರೆಯವರಿಗೆ ಸಾದಾ ಕೀಲು; ಇಬ್ಬರನ್ನೂ ವರ್ಷವರ್ಷವೂ ಕರೆಸಿ ನೋಡುವ ಸಹನೆ ಬೇಕು. ನಂಜು ಎರಡು ವರ್ಷ ಕಳೆದ ಮೇಲೆ ತಲೆಯೆತ್ತುವುದೂ ಉಂಟಾದ್ದರಿಂದ ಆ ಲೆಕ್ಕದ ಪುಸ್ತಕವನ್ನು ಬೇಗನೆ ಮುಚ್ಚುವಂತಿಲ್ಲ.